ಒಂದು ತೊಲದ ಗುಂಡು

ಚಿನಿವಾರರ ಹಳೆಯ ಲೆಕ್ಕದಲ್ಲಿ ಒಂದು ತೊಲ ಎಂದರೆ 96 ಗುಲಗಂಜಿ ತೂಕ, ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ 1833ರಲ್ಲಿ ಈ ತೊಲವನ್ನು 180 ಗ್ರೇನ್ ಎಂದು ಕಾಯಂ ಮಾಡಿತು. ಅಮೆರಿಕದ ಮೊಂಟಾನಾದಲ್ಲೋ ಪೆನ್ಸಿಲ್ವೇನಿಯಾದಲ್ಲೋ ಬೇಟೆ ಸಾಮಾನಿನ ಅಂಗಡಿಗೆ ಹೋಗಿ .30-06 ರೈಫಲ್ಲಿಗೆ ತೋಟೆ ಕೇಳಿದರೆ, ಮುಂದಿಡುವ ಪೆಟ್ಟಿಗೆಗಳ ಮೇಲೆ ಪದೇ ಪದೇ ಕಣ್ಣಿಗೆ ಬೀಳುವ ಅಂಕಿಯೂ ಅದೇ: 180 ಗ್ರೇನ್. ಅದು ತೋಟೆಯೊಳಗಿನ ಗುಂಡಿನ ತೂಕ. ಸರಿಯಾಗಿ ಒಂದು ತೊಲ.

ಈ ಒಂದು ತೊಲದ ತುಂಡು ನಳಿಗೆಯಿಂದ ಹೊರಬೀಳುವಾಗ ಅದರ ವೇಗ ಸೆಕೆಂಡಿಗೆ 2,700 ಅಡಿ, ಅಂದರೆ 823 ಮೀಟರ್. ಶಬ್ದದ ಎರಡು ಪಟ್ಟಿಗೂ ಮೀರಿದ ವೇಗ. ಅದರಲ್ಲಿ ತುಂಬಿರುವ ಶಕ್ತಿ ಸುಮಾರು 3,900 ಜೂಲ್. 50 ಕಿಲೋ ಅಕ್ಕಿ ಮೂಟೆಯೊಂದು 8 ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದರೆ ಎಷ್ಟೋ ಅಷ್ಟು. ಇಷ್ಟು ಕೇಳಿದವರು, ಗುಂಡು ತಗುಲಿದ ಜಿಂಕೆ ಹಿಂದಕ್ಕೆ ಎಗರಿ ಬೀಳುತ್ತದೆ ಎಂದು ಊಹಿಸಿದರೆ ಆಶ್ಚರ್ಯವಿಲ್ಲ. ಸಿನಿಮಾಗಳು ತೋರಿಸುವುದೂ ಹಾಗೆಯೇ. ಆದರೆ ಗುಂಡಿನ ನೂಕು, ಕೋವಿ ಹೊಡೆದವನ ಹೆಗಲಿಗೆ ಕೊಡುವ ಒದೆತಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ. ನ್ಯೂಟನ್ನನ ಮೂರನೇ ನಿಯಮ ಇಬ್ಬರಿಗೂ ಒಂದೇ. 60 ಕಿಲೋ ತೂಗುವ ಜಿಂಕೆಯನ್ನು ಆ ನೂಕು ಸೆಕೆಂಡಿಗೆ ಒಂದು ಗೇಣಿನಷ್ಟೂ ಸರಿಸಲಾರದು. ಪ್ರಾಣಿ ಸಾಯುವುದು ಗುಂಡು ಒಳಗೆ ಮಾಡುವ ಗಾಯದಿಂದ, ಹರಿದುಹೋದ ಶ್ವಾಸಕೋಶದಿಂದ, ಸೋರಿದ ರಕ್ತದಿಂದ.

ಆದ್ದರಿಂದ ತೋಟೆ ಆರಿಸುವವನು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಯಾವುದು ಹೆಚ್ಚು ಜೋರು’ ಎಂಬುದಲ್ಲ. ಈ ಗುಂಡು, ಈ ಕೈಯಿಂದ, ಎಷ್ಟು ದೂರದವರೆಗೆ ತಪ್ಪದೆ ಎದೆಗೂಡನ್ನು ಮುಟ್ಟುತ್ತದೆ? ಮುಟ್ಟಿದ ಮೇಲೆ ಒಳಗೆ ಏನು ಮಾಡುತ್ತದೆ? ಉಳಿದದ್ದೆಲ್ಲ ಇದರ ಹಿಂದೆ ಬರುವ ಮಾತು. ಕೊಲ್ಲುವುದೇ ಆದರೆ ಪ್ರಾಣಿ ನರಳದಂತೆ ಕೊಲ್ಲುವುದು ಬೇಟೆಗಾರನ ಮೊದಲ ಸಾಲ. ಆ ಸಾಲ ತೀರುವುದೋ ಉಳಿಯುವುದೋ ಬಹುಮಟ್ಟಿಗೆ ಈ ಎರಡು ಪ್ರಶ್ನೆಗಳಲ್ಲೇ ನಿರ್ಧಾರವಾಗುತ್ತದೆ.

ಹೆಸರಿನ ಗೋಜಲು

ಕನ್ನಡದ ಓದುಗರಿಗೆ ತೋಟೆಗಳ ಹೆಸರು ಹೊಸದಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಕಾಡಿನ ಕತೆಗಳನ್ನೂ ಜಿಮ್ ಕಾರ್ಬೆಟ್ಟರ ರುದ್ರಪ್ರಯಾಗದ ನರಭಕ್ಷಕನನ್ನೂ ಓದಿದವರಿಗೆ .405, .275 ಎಂಬ ಅಂಕಿಗಳು ಪರಿಚಿತ. ಬೆಂಗಳೂರಿನ ಆಂಡರ್ಸನ್ನರ ಕೈಲಿದ್ದದ್ದು .405 ವಿಂಚೆಸ್ಟರ್, 300 ಗ್ರೇನಿನ ಮೊಂಡು ಮೂತಿಯ ಗುಂಡು, ಸೆಕೆಂಡಿಗೆ 2,200 ಅಡಿ ವೇಗ. ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಸಿಂಹದ ಬೇಟೆಗೆ ಒಯ್ದದ್ದೂ ಇದೇ ತೋಟೆಯ ರೈಫಲ್ಲು. ಕಾರ್ಬೆಟ್ಟರ .275 ರಿಗ್ಬಿ, 1907ರಲ್ಲಿ ಚಂಪಾವತದ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಕೊಟ್ಟ ಉಡುಗೊರೆ.

ಅಂಕಿಗಳ ಅರ್ಥ ಮಾತ್ರ ಒಂದು ಕ್ರಮಕ್ಕೆ ಸಿಗುವುದಿಲ್ಲ. .275 ರಿಗ್ಬಿ ಎಂಬುದು ಜರ್ಮನ್ನರ 7×57 ಮೌಸರ್ ತೋಟೆಗೆ ಇಂಗ್ಲೆಂಡಿನಲ್ಲಿ ಇಟ್ಟ ಇನ್ನೊಂದು ಹೆಸರು. 7 ಎಂದರೆ ಮಿಲಿಮೀಟರಿನಲ್ಲಿ ನಳಿಗೆಯ ಅಳತೆ, 57 ಎಂದರೆ ಹಿತ್ತಾಳೆ ಕೋಶದ ಉದ್ದ. .30-06ರಲ್ಲಿ .30 ಅಂಗುಲದ ಲೆಕ್ಕ, 06 ಎಂದರೆ ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ 1906ನೇ ಇಸವಿ. ಅದಕ್ಕಿಂತ ಹಳೆಯದಾದ .30-30ರಲ್ಲಿ ಎರಡನೆಯ 30 ಇಸವಿಯಲ್ಲ, ಮೊದಲು ತುಂಬುತ್ತಿದ್ದ ಮದ್ದಿನ ತೂಕ, 30 ಗ್ರೇನ್. .375 ಎಚ್ ಅಂಡ್ ಎಚ್‌ನಲ್ಲಿ ಹೆಸರು ಬಂದದ್ದು 1912ರಲ್ಲಿ ಅದನ್ನು ಹೊರತಂದ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯಿಂದ. ಇಸವಿ, ತೂಕ, ಉದ್ದ, ಕಂಪನಿ ಎಲ್ಲವೂ ಕಲಸಿಹೋಗಿವೆ.

ಈ ಗೋಜಲಿಗೆ ಭಾರತದ ಕಾಣಿಕೆಯೂ ಇದೆ. 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ .450 ಅಳತೆಯ ತೋಟೆಗಳನ್ನು ಭಾರತದಲ್ಲಿ ನಿಷೇಧಿಸಿತು. ಬಂಡಾಯಗಾರರ ಕೈಲಿದ್ದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳಿಗೆ ಆ ಗುಂಡು ಹೊಂದುತ್ತದೆ ಎಂಬ ಭಯ ಅದಕ್ಕಿತ್ತು. ಆನೆ, ಕಾಟಿಗಳ ಬೇಟೆಗೆ ಬರುತ್ತಿದ್ದ ಸಾಹೇಬರಿಗೆ ಬೇರೆ ತೋಟೆ ಬೇಕಾಯಿತು. .465, .470, .475, .476 ಎಂದು ಕೂದಲೆಳೆಯ ವ್ಯತ್ಯಾಸದ ತೋಟೆಗಳು ಇಂಗ್ಲೆಂಡಿನ ಕಾರ್ಖಾನೆಗಳಿಂದ ಸಾಲಾಗಿ ಹೊರಬಂದದ್ದು ಹೀಗೆ.

ಈ ಇತಿಹಾಸದಿಂದ ಕಲಿಯಬೇಕಾದ ವ್ಯವಹಾರದ ಪಾಠ ಒಂದಿದೆ. ಹೆಸರು ಹತ್ತಿರವಿದೆ ಎಂದು ತೋಟೆ ಹತ್ತಿರವಾಗುವುದಿಲ್ಲ. ನಳಿಗೆಯ ಮೇಲೆ ಕೊರೆದ ಹೆಸರು, ಪೆಟ್ಟಿಗೆಯ ಮೇಲಿನ ಹೆಸರು, ತೋಟೆಯ ಬುಡದಲ್ಲಿ, ಮದ್ದಿಗೆ ಕಿಡಿ ಕೊಡುವ ಕೇಪಿನ ಸುತ್ತ ಒತ್ತಿದ ಹೆಸರು, ಮೂರೂ ಅಕ್ಷರಶಃ ಒಂದೇ ಇರಬೇಕು. .223 ರೈಫಲ್ಲಿನಲ್ಲಿ .300 ಬ್ಲ್ಯಾಕೌಟ್ ತೋಟೆ ಸೇರಿ ಕೋವಿಯೇ ಒಡೆದುಹೋದ ಪ್ರಸಂಗಗಳು ಅಮೆರಿಕದಲ್ಲಿ ನಡೆದಿವೆ. ಎರಡರ ಹಿತ್ತಾಳೆ ಕೋಶವೂ ಒಂದೇ ಮನೆತನದ್ದು, ಗುಂಡಿನ ದಪ್ಪ ಮಾತ್ರ ಬೇರೆ. ಒಂದೇ ಮೇಜಿನ ಮೇಲೆ ಎರಡು ಬಗೆಯ ತೋಟೆ ಹರಡಿಕೊಳ್ಳಬಾರದು ಎಂಬ ಶಿಸ್ತು ಹುಟ್ಟಿದ್ದು ಇಂಥವುಗಳಿಂದಲೇ.

ಅಂಗುಲ, ಗೇಣು, ಮೊಳ

ಗುಂಡು ನೇರ ಹೋಗುತ್ತದೆ ಎಂಬುದು ಎಲ್ಲರ ನಂಬಿಕೆ. ನಳಿಗೆಯ ಬಾಯಿ ಬಿಟ್ಟ ಕ್ಷಣದಿಂದಲೇ ಅದು ಬೀಳತೊಡಗುತ್ತದೆ. ಸಮತಟ್ಟಾಗಿ ಹಿಡಿದ ಕೋವಿಯಿಂದ ಹಾರಿದ ಗುಂಡು, ಅದೇ ಎತ್ತರದಿಂದ ಕೈಬಿಟ್ಟ ಗೋಲಿ, ಎರಡೂ ನೆಲದತ್ತ ಇಳಿಯುವ ರೀತಿ ಬಹುಪಾಲು ಒಂದೇ. ಗುಂಡು ಅಷ್ಟರಲ್ಲಿ ಬಹಳ ದೂರ ಹೋಗಿರುತ್ತದೆ, ವ್ಯತ್ಯಾಸ ಅಷ್ಟೇ. ಹಾಗಾಗಿ ನಳಿಗೆಯನ್ನು ಕೂದಲೆಳೆಯಷ್ಟು ಮೇಲಕ್ಕೆ ಎತ್ತಿ, ದುರ್ಬೀನಿನ ನೇರ ದೃಷ್ಟಿಗೂ ಗುಂಡಿನ ಬಾಗಿದ ದಾರಿಗೂ ಒಂದು ಕಡೆ ಭೇಟಿ ಮಾಡಿಸುತ್ತಾರೆ. ಇದಕ್ಕೆ ಬೇಟೆಗಾರರು ‘ಜೀರೋ ಮಾಡುವುದು’ ಎನ್ನುತ್ತಾರೆ.

ನಮ್ಮ ಒಂದು ತೊಲದ ಗುಂಡನ್ನೇ ತೆಗೆದುಕೊಳ್ಳಿ. .30-06 ರೈಫಲ್ಲನ್ನು 200 ಗಜಕ್ಕೆ ಜೀರೋ ಮಾಡಿದರೆ 100 ಗಜದಲ್ಲಿ ಗುಂಡು ಗುರಿಗಿಂತ ಸುಮಾರು 2 ಅಂಗುಲ ಮೇಲಿರುತ್ತದೆ. 200ರಲ್ಲಿ ಗುರಿಯಲ್ಲೇ. 300 ಗಜದಲ್ಲಿ ಎಂಟು-ಒಂಬತ್ತು ಅಂಗುಲ ಕೆಳಗೆ, ಅಂದರೆ ಒಂದು ಗೇಣು. 400 ಗಜದಲ್ಲಿ ಸುಮಾರು 24 ಅಂಗುಲ, ಒಂದು ಮೊಳ ದಾಟಿತು. ದೂರ 100ರಿಂದ 400ಕ್ಕೆ ನಾಲ್ಕು ಪಟ್ಟು ಹೆಚ್ಚುವಷ್ಟರಲ್ಲಿ ಇಳಿತ ಅಂಗುಲದಿಂದ ಗೇಣಿಗೆ, ಗೇಣಿನಿಂದ ಮೊಳಕ್ಕೆ ಹಾರುತ್ತದೆ. ದೂರವನ್ನು ಕಣ್ಣಳತೆಯಲ್ಲಿ 50 ಗಜ ತಪ್ಪು ಅಂದಾಜಿಸಿದರೆ 150 ಗಜದಲ್ಲಿ ಏನೂ ಕೆಡುವುದಿಲ್ಲ. ಅದೇ ತಪ್ಪು 350 ಗಜದಲ್ಲಿ ಆದರೆ ಗುಂಡು ಶ್ವಾಸಕೋಶ ಬಿಟ್ಟು ಕಾಲು ಮುರಿಯುತ್ತದೆ.

ಅಮೆರಿಕದ ಬಿಳಿಬಾಲದ ಜಿಂಕೆಯ ಹೃದಯ, ಶ್ವಾಸಕೋಶಗಳು ಸೇರಿದ ಜಾಗ ಹೆಚ್ಚುಕಡಿಮೆ ಒಂದು ಗೇಣಿನ ವೃತ್ತ. ಆ ವೃತ್ತದಿಂದ ಗುಂಡು ಮೇಲೂ ಕೆಳಗೂ ಹೊರಹೋಗದ ದೂರವೇ ಆ ರೈಫಲ್ಲಿನ ನ್ಯಾಯವಾದ ಬೇಟೆಯ ದೂರ. ಮೇಲೆ ಹೇಳಿದ ತೋಟೆಗೆ ಅದು 250 ಗಜದ ಆಸುಪಾಸು. ಅದಕ್ಕಿಂತ ಆಚೆ ಹೊಡೆಯಬೇಕೆಂದರೆ ದೂರ ಅಳೆಯುವ ಯಂತ್ರ ಬೇಕು, ಇಳಿತದ ಪಟ್ಟಿ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಆ ದೂರದಲ್ಲಿ ವರ್ಷವಿಡೀ ಮಾಡಿದ ಅಭ್ಯಾಸ ಬೇಕು.

ಹಳೆಯ .30-30ಯದು ಬೇರೆಯದೇ ಕತೆ. 1895ರಲ್ಲಿ ಬಂದ ಈ ತೋಟೆಯ ರೈಫಲ್ಲುಗಳಲ್ಲಿ ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ ತಾಗಿಕೊಂಡಿರುತ್ತದೆ. ಮೂತಿ ಚೂಪಾಗಿದ್ದರೆ ಒದೆತಕ್ಕೆ ಕೇಪು ಚುಚ್ಚಿ ಕೊಳವೆಯೊಳಗೇ ಸಿಡಿಯಬಹುದು. ಅದಕ್ಕಾಗಿ ಗುಂಡಿನ ಮೂತಿ ಚಪ್ಪಟೆ. ಚಪ್ಪಟೆ ಮೂತಿ ಗಾಳಿಗೆ ಹೆಚ್ಚು ಅಡ್ಡ ಬರುತ್ತದೆ, ಬೇಗ ವೇಗ ಕಳೆದುಕೊಳ್ಳುತ್ತದೆ. 100 ಗಜಕ್ಕೆ ಜೀರೋ ಮಾಡಿದ .30-30, 200 ಗಜದಲ್ಲೇ ಸುಮಾರು 8 ಅಂಗುಲ ಬಿದ್ದಿರುತ್ತದೆ. ಹಾಗಿದ್ದೂ ಅಮೆರಿಕದ ಪೂರ್ವದ ದಟ್ಟ ಕಾಡುಗಳಲ್ಲಿ ತಲೆಮಾರುಗಳಿಂದ ಜಿಂಕೆ ಬೇಟೆಗೆ ಅದೇ ನೆಚ್ಚಿನ ತೋಟೆ. ಅಲ್ಲಿ ಜಿಂಕೆ ಕಾಣಿಸುವುದೇ 60, 70 ಗಜದಲ್ಲಿ.

ಗಾಳಿಯನ್ನು ಸೀಳುವ ಈ ಗುಣಕ್ಕೆ ಪೆಟ್ಟಿಗೆಯ ಮೇಲೆ ‘ಬಿ.ಸಿ.’ ಎಂದು ಒಂದು ದಶಮಾಂಶ ಅಂಕಿ ಇರುತ್ತದೆ. ಅದು ಬ್ಯಾಲಿಸ್ಟಿಕ್ ಕೋಎಫಿಷಿಯೆಂಟ್. ಅಂಕಿ ದೊಡ್ಡದಾದಷ್ಟೂ ಗುಂಡು ವೇಗವನ್ನು ಉಳಿಸಿಕೊಳ್ಳುತ್ತದೆ. 180 ಗ್ರೇನಿನ ಮೊಂಡು ಮೂತಿಯ ಗುಂಡಿಗೆ ಇದು 0.25ರ ಹತ್ತಿರ, ಮೂತಿ ಚೂಪಾಗಿ ಬುಡ ಸಣ್ಣಗಾದ ದೋಣಿಯಾಕಾರದ್ದಕ್ಕೆ 0.48ರ ಹತ್ತಿರ. ತೂಕ ಒಂದೇ, ದಪ್ಪ ಒಂದೇ, ಆಕಾರವೊಂದೇ ಬೇರೆ.

ಇಳಿತಕ್ಕಿಂತ ಕಷ್ಟದ್ದು ಗಾಳಿ. ಇಳಿತವನ್ನು ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಬಹುದು, ಗಾಳಿ ಹಾಗೆ ಲೆಕ್ಕಕ್ಕೆ ಸಿಗುವುದಿಲ್ಲ. ಎಲೆ, ಸಣ್ಣ ಕಡ್ಡಿಗಳು ಎಡೆಬಿಡದೆ ಅಲುಗುವಷ್ಟು ಗಾಳಿ, ಗಂಟೆಗೆ 16 ಕಿಲೋಮೀಟರಿನದು, ಅಡ್ಡಕ್ಕೆ ಬೀಸುತ್ತಿದ್ದರೆ ನಮ್ಮ ಗುಂಡು 300 ಗಜದಲ್ಲಿ ಸುಮಾರು 7 ಅಂಗುಲ ಪಕ್ಕಕ್ಕೆ ಸರಿಯುತ್ತದೆ. ಕಣಿವೆಯ ಆಚೆ ದಡದಲ್ಲಿ ನಿಂತ ಪ್ರಾಣಿಯ ಬಳಿ ಗಾಳಿ ಯಾವ ಕಡೆಗಿದೆ ಎಂದು ಈಚೆ ದಡದವನಿಗೆ ತಿಳಿಯುವುದಾದರೂ ಹೇಗೆ? ಇನ್ನಷ್ಟು ಹತ್ತಿರ ಹೋಗುವುದೇ ಇದಕ್ಕಿರುವ ಒಳ್ಳೆಯ ಉತ್ತರ.

ಪೆಟ್ಟಿಗೆಯ ಮೇಲಿನ ವೇಗವನ್ನೂ ಪೂರ್ತಿ ನಂಬಬೇಕಿಲ್ಲ. ಕಂಪನಿಗಳು ಸಾಮಾನ್ಯವಾಗಿ 24 ಅಂಗುಲದ ನಳಿಗೆಯಲ್ಲಿ ಅಳೆಯುತ್ತವೆ. ಹೆಗಲಿಗೆ ಹಗುರವೆಂದು 20 ಅಂಗುಲದ ನಳಿಗೆ ಕೊಂಡವನಿಗೆ ಸೆಕೆಂಡಿಗೆ 100 ಅಡಿಯಷ್ಟು ಕಡಿಮೆಯೇ ಸಿಗುತ್ತದೆ. ಚಳಿಯಲ್ಲಿ ಮದ್ದು ಸ್ವಲ್ಪ ನಿಧಾನ ಉರಿಯುತ್ತದೆ, ಬಿಸಿಲಿನಲ್ಲಿ ಚುರುಕು. ಉಷ್ಣದೇಶಗಳಿಗೆ ಬರುತ್ತಿದ್ದ ಹಳೆಯ ಜೋಡು ನಳಿಗೆ ರೈಫಲ್ಲುಗಳ ತೋಟೆಗಳು ಅಷ್ಟು ದೊಡ್ಡದಾಗಿ ಇದ್ದುದಕ್ಕೆ ಇದೂ ಒಂದು ಕಾರಣ: ಬಿಸಿಲಿಗೆ ಕಾದ ಕಾರ್ಡೈಟ್ ಮದ್ದಿನ ಒತ್ತಡ ಮಿತಿ ಮೀರದಿರಲಿ ಎಂದು ಕೋಶದಲ್ಲಿ ಧಾರಾಳ ಜಾಗ ಬಿಡುತ್ತಿದ್ದರು.

ಗುಂಡಿನ ಒಳಗಿನ ಗೋಡೆ

ಕೋಲ್ಕತ್ತದ ಹೊರವಲಯದ ದಮ್‌ದಮ್ ಮದ್ದುಗುಂಡಿನ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬ ಅಧಿಕಾರಿ .303 ಗುಂಡಿನ ಲೋಹದ ಹೊದಿಕೆಯನ್ನು ಮೂತಿಯ ಬಳಿ ತೆರೆದು ಒಳಗಿನ ಸೀಸ ಕಾಣುವಂತೆ ಮಾಡಿದ. ಆ ಗುಂಡು ಮೈಗೆ ತಾಗಿದೊಡನೆ ಅರಳುತ್ತಿತ್ತು. ಅದು ಮಾಡುವ ಗಾಯ ಕ್ರೂರವೆಂದು 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಇಂಥ ಗುಂಡನ್ನು ನಿಷೇಧಿಸಿತು. ಇಂದು ಅಮೆರಿಕದ ಅನೇಕ ರಾಜ್ಯಗಳಲ್ಲಿ, ಯುರೋಪಿನ ಹಲವೆಡೆ ದೊಡ್ಡ ಪ್ರಾಣಿಗಳ ಬೇಟೆಗೆ ಇದಕ್ಕೆ ತದ್ವಿರುದ್ಧ ಕಾನೂನು: ಅರಳುವ ಗುಂಡನ್ನೇ ಬಳಸಬೇಕು, ಸೈನ್ಯದ ಪೂರ್ತಿ ಹೊದಿಕೆಯ ಗುಂಡು ಕೂಡದು. ವಿರೋಧಾಭಾಸವೆನಿಸಿದರೂ ಕಾರಣ ಸರಳ. ಪೂರ್ತಿ ಹೊದಿಕೆಯ ಗುಂಡು ಜಿಂಕೆಯನ್ನು ಸೂಜಿಯಂತೆ ತೂರಿ ಹೋಗುತ್ತದೆ. ಗಾಯಗೊಂಡ ಜಿಂಕೆ ಮೈಲಿಗಟ್ಟಲೆ ಓಡಿ ಎಲ್ಲೋ ಪೊದೆಯಲ್ಲಿ ಎರಡು ದಿನ ನರಳಿ ಸಾಯುತ್ತದೆ. ಅರಳಿದ ಗುಂಡು ಅದೇ ಜಾಗದಲ್ಲಿ ಅಗಲವಾದ ದಾರಿ ಕೊರೆದು ಸೆಕೆಂಡುಗಳಲ್ಲಿ ಮುಗಿಸುತ್ತದೆ.

ಅರಳುವುದಕ್ಕೂ ಮಿತಿ ಇರಬೇಕು ಎಂಬುದು ಇನ್ನೊಂದು ಪಾಠ. 1946ರಲ್ಲಿ ಜಾನ್ ನಾಸ್ಲರ್ ಎಂಬ ಆರೆಗಾನಿನ ಬೇಟೆಗಾರ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂದು ಮೂಸ್‌ಗೆ ಈಡು ಹೊಡೆದ. ಮೂಸ್ ಎಂದರೆ ಕಡವೆಯ ಕುಟುಂಬದಲ್ಲೇ ಅತಿ ದೊಡ್ಡದು. ಅದು ಕೆಸರಿನಲ್ಲಿ ಹೊರಳಾಡಿ ಬಂದಿತ್ತು, ಮೈಮೇಲೆ ಕೆಸರು ಒಣಗಿ ಗಟ್ಟಿಯಾಗಿತ್ತು. ನಾಸ್ಲರನ ಕೈಲಿದ್ದದ್ದು .300 ಎಚ್ ಅಂಡ್ ಎಚ್ ಮ್ಯಾಗ್ನಮ್, ಆ ಕಾಲದ ಬಲು ವೇಗದ ತೋಟೆ. ಆ ವೇಗವೇ ಕೈಕೊಟ್ಟಿತು. ಗುಂಡು ಭುಜದ ಮೇಲ್ಪದರದಲ್ಲೇ ಪುಡಿಪುಡಿಯಾಯಿತು, ಒಳಗೆ ಇಳಿಯಲಿಲ್ಲ. ಊರಿಗೆ ಮರಳಿದ ನಾಸ್ಲರ್ ಹೊಸ ಗುಂಡೊಂದನ್ನು ರೂಪಿಸತೊಡಗಿದ. ತಾಮ್ರದ ಹೊದಿಕೆಯ ನಡುವೆ ತಾಮ್ರದ್ದೇ ಒಂದು ಅಡ್ಡಗೋಡೆ. ಮುಂದಿನ ಕೋಣೆಯ ಸೀಸ ಅರಳುತ್ತದೆ, ಚೂರಾಗಿಯೂ ಹೋಗಬಹುದು. ಗೋಡೆಯ ಹಿಂದಿನ ಅರ್ಧ ಒಡೆಯದೆ ಮುಂದಕ್ಕೆ ನುಗ್ಗುತ್ತದೆ. ‘ಪಾರ್ಟಿಷನ್’ ಎಂಬ ಹೆಸರಿನ ಈ ಗುಂಡು 1948ರಲ್ಲಿ ಮಾರಾಟಕ್ಕೆ ಬಂತು, ಇಂದಿಗೂ ಅಂಗಡಿಗಳಲ್ಲಿದೆ.

ಬೇಟೆಯ ತೋಟೆಯ ಬಗ್ಗೆ ಒಂದೇ ಮಾತು ತಿಳಿಯಲು ಸಮಯವಿರುವವರು ಈ ಗೋಡೆಯನ್ನು ನೆನಪಿಟ್ಟರೆ ಸಾಕು. ವೇಗ ಹೆಚ್ಚಿಸುವುದು ಮದ್ದಿನ ಕೆಲಸ, ಸುಲಭ. ಆ ವೇಗವನ್ನು ತಾಳಿಕೊಂಡು, ಹತ್ತಿರದಲ್ಲಿ ಚೂರಾಗದೆ, ದೂರದಲ್ಲಿ ಅರಳದೆ ಉಳಿಯದೆ ಕೆಲಸ ಮಾಡುವುದು ಗುಂಡಿನ ರಚನೆ. ಹೆಚ್ಚಿನ ಅರಳುವ ಗುಂಡುಗಳಿಗೆ ತಾಗುವ ಹೊತ್ತಿನಲ್ಲಿ ಸೆಕೆಂಡಿಗೆ 1,800ರಿಂದ 2,000 ಅಡಿಯಾದರೂ ವೇಗ ಉಳಿದಿರಬೇಕು. ಅದಕ್ಕಿಂತ ಇಳಿದರೆ ದುಬಾರಿ ಗುಂಡೂ ಸೂಜಿಯೇ. ನಮ್ಮ ಒಂದು ತೊಲದ ಗುಂಡು 400 ಗಜ ಮುಟ್ಟುವ ಹೊತ್ತಿಗೆ ಆ ಗಡಿಗೆ ಬಂದಿರುತ್ತದೆ. ಇಳಿತ, ಗಾಳಿ, ಅರಳುವಿಕೆ ಮೂರರ ಲೆಕ್ಕವೂ ಆ ದೂರಕ್ಕೆ ಮೊದಲೇ ನಿಲ್ಲು ಎನ್ನುತ್ತದೆ.

ಈಗ ಅಂಗಡಿಯಲ್ಲಿ ಸಿಗುವ ಬಗೆಗಳನ್ನು ಹೀಗೆ ನೋಡಬಹುದು. ಸೀಸದ ಮೂತಿ ತೆರೆದಿರುವ ಸಾದಾ ಗುಂಡು ಅಗ್ಗ, ಜಿಂಕೆಗೆ ಮಧ್ಯಮ ವೇಗದಲ್ಲಿ ಸಾಕು. ಸೀಸವನ್ನು ತಾಮ್ರಕ್ಕೆ ಬೆಸೆದ ‘ಬಾಂಡೆಡ್’ ಗುಂಡು ಮೂಳೆಗೆ ತಾಗಿದರೂ ಚೆದುರುವುದಿಲ್ಲ, ಎಲ್ಕ್, ಮೂಸ್‌ನಂಥ ದೊಡ್ಡ ಪ್ರಾಣಿಗಳಿಗೆ ತಕ್ಕದ್ದು. ಸೀಸವೇ ಇಲ್ಲದ ಪೂರ್ತಿ ತಾಮ್ರದ ಗುಂಡು ಮೂರನೆಯದು. ಬಾರ್ನ್ಸ್ ಕಂಪನಿ 1989ರಲ್ಲಿ ‘ಎಕ್ಸ್’ ಎಂಬ ಹೆಸರಿನಲ್ಲಿ ತಂದ ಗುಂಡಿನಿಂದ ಇದು ಜನಪ್ರಿಯವಾಯಿತು. ಮೂತಿಯ ಟೊಳ್ಳು ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುತ್ತದೆ, ತೂಕ ಬಹುಪಾಲು ಹಾಗೇ ಉಳಿಯುತ್ತದೆ. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅದೇ ತೂಕದ ಗುಂಡು ಹೆಚ್ಚು ಉದ್ದವಾಗುತ್ತದೆ. ಸೀಸದಲ್ಲಿ 180 ಗ್ರೇನ್ ಬಳಸುತ್ತಿದ್ದವರು ತಾಮ್ರದಲ್ಲಿ 150 ಅಥವಾ 165ಕ್ಕೆ ಇಳಿಯುವುದು ಜಾಣತನ. ತೂಕ ಕಳೆದುಕೊಳ್ಳದ ಗುಂಡಿಗೆ ಮೊದಲೇ ಹೆಚ್ಚು ತೂಕ ಬೇಕಿಲ್ಲ.

ಹದ್ದಿನ ಹೊಟ್ಟೆಗೆ ಹೋದ ಸೀಸ

ತಾಮ್ರದ ಗುಂಡಿನ ಮಾತು ಬಂದಾಗ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದನ್ನು ಮರೆಯುವಂತಿಲ್ಲ. 1987ರಲ್ಲಿ ಈ ಹಕ್ಕಿಯ ಸಂಖ್ಯೆ ಇಡೀ ಲೋಕದಲ್ಲಿ 27ಕ್ಕೆ ಇಳಿದಿತ್ತು. ಕಾಡಿನಲ್ಲಿ ಉಳಿದ ಕೊನೆಯದನ್ನೂ ಹಿಡಿದು ಮೃಗಾಲಯಕ್ಕೆ ತಂದು ಸಾಕಿದರು. ಮರಿಮಾಡಿಸಿ 1992ರಿಂದ ಮತ್ತೆ ಕಾಡಿಗೆ ಬಿಡತೊಡಗಿದರು. ಈಗ ಸಂಖ್ಯೆ 500 ದಾಟಿದೆ. ಆದರೂ ಕಾಡಿನ ಕಾಂಡೋರ್‌ಗಳ ಸಾವಿಗೆ ಮೊದಲ ಕಾರಣ ಸೀಸದ ವಿಷ. ಬೇಟೆಗಾರರು ಜಿಂಕೆಯ ಕರುಳನ್ನು ಕಾಡಿನಲ್ಲೇ ಬಿಟ್ಟುಬರುತ್ತಾರೆ, ಅದರಲ್ಲಿ ಚೆದುರಿದ ಗುಂಡಿನ ಚೂರುಗಳಿರುತ್ತವೆ, ಹದ್ದು ಅದನ್ನು ತಿನ್ನುತ್ತದೆ. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಸಂಪೂರ್ಣ ನಿಷೇಧಿಸಿತು. ಡೆನ್ಮಾರ್ಕ್ 2024ರಲ್ಲಿ ರೈಫಲ್ಲಿನ ತೋಟೆಗಳಿಗೂ ಅದೇ ನಿಯಮ ತಂದಿತು.

ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗೆಂದೇ ಧಾಮವಿರುವ ನಾಡಿನವರಿಗೆ ಈ ಕತೆಯ ನೋವು ಬೇಗ ಅರ್ಥವಾಗುತ್ತದೆ. ಇಲ್ಲಿ ಹದ್ದುಗಳನ್ನು ಮುಗಿಸಿದ್ದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ, ಅಲ್ಲಿ ಸೀಸ. ಎರಡೂ ಕಡೆ ಹದ್ದು ತಿಂದದ್ದು ಮನುಷ್ಯ ಬಿಟ್ಟ ಹೆಣವನ್ನೇ.

ಮನುಷ್ಯರ ಊಟದ ತಟ್ಟೆಗೂ ಇದೇ ಸೀಸ ಬರುತ್ತದೆ. 2008ರಲ್ಲಿ ಅಮೆರಿಕದ ನಾರ್ತ್ ಡಕೋಟಾದಲ್ಲಿ ಬೇಟೆಗಾರರು ಬಡವರಿಗೆಂದು ದಾನ ಕೊಟ್ಟ ಜಿಂಕೆಯ ಕೈಮಾದಲ್ಲಿ ಸೀಸದ ಚೂರುಗಳು ಸ್ಕ್ಯಾನ್‌ನಲ್ಲಿ ಕಂಡವು. ಆ ಮಾಂಸವನ್ನು ಎಸೆದುಬಿಡುವಂತೆ ಆರೋಗ್ಯ ಇಲಾಖೆ ಹೇಳಿತು. ಮನೆಯಲ್ಲಿ ಮಕ್ಕಳಿರುವವರು, ಗರ್ಭಿಣಿಯರಿರುವವರು ತಾಮ್ರದ ಗುಂಡನ್ನು ಆರಿಸುವುದಕ್ಕೆ ಇದೊಂದೇ ಕಾರಣ ಸಾಕು.

ಎಷ್ಟು ಬಲ ಬೇಕು

ಯಾವ ಪ್ರಾಣಿಗೆ ಎಷ್ಟು ಬಲದ ಗುಂಡು ಬೇಕು ಎಂಬುದಕ್ಕೆ ಬೇರೆ ಬೇರೆ ದೇಶಗಳು ಕಾನೂನಿನಲ್ಲೇ ಉತ್ತರ ಬರೆದಿಟ್ಟಿವೆ. ನಮೀಬಿಯಾದಲ್ಲಿ ಸ್ಪ್ರಿಂಗ್‌ಬಾಕ್‌ನಂಥ ಸಣ್ಣ ಪ್ರಾಣಿಗೆ ನಳಿಗೆಯ ಬಾಯಲ್ಲಿ ಕನಿಷ್ಠ 1,350 ಜೂಲ್ ಬೇಕು, ಕುಡು, ಓರಿಕ್ಸ್‌ನಂಥ ದೊಡ್ಡ ಹುಲ್ಲೆಗಳಿಗೆ 2,700, ಆನೆ, ಕಾಡೆಮ್ಮೆಗಳಿಗೆ 5,400. ಸ್ವೀಡನ್ನಿನಲ್ಲಿ ಮೂಸ್ ಬೇಟೆಗೆ ಗುಂಡು ಕನಿಷ್ಠ 9 ಗ್ರಾಂ ತೂಗಿ 100 ಮೀಟರಿನಲ್ಲಿ 2,700 ಜೂಲ್ ಉಳಿಸಿಕೊಂಡಿರಬೇಕು. ಗುಂಡು 10 ಗ್ರಾಂ ಇದ್ದರೆ 2,000 ಜೂಲ್ ಸಾಕು. ಭಾರದ ಗುಂಡು ಕಡಿಮೆ ಶಕ್ತಿಯಲ್ಲೂ ಆಳಕ್ಕೆ ಇಳಿಯುತ್ತದೆ ಎಂಬ ಅನುಭವ ಈ ರಿಯಾಯಿತಿಯ ಹಿಂದಿದೆ. 1894ರ 6.5×55 ತೋಟೆ ತನ್ನ ಉದ್ದನೆಯ ಭಾರದ ಗುಂಡಿನಿಂದ ಆ ದೇಶದಲ್ಲಿ ಇಂದಿಗೂ ಮೂಸ್ ಬೇಟೆಗೆ ಬಳಕೆಯಲ್ಲಿರುವುದು ಈ ಕಾರಣಕ್ಕೇ. ಅಮೆರಿಕದ ಕೊಲೊರಾಡೊದಲ್ಲಿ ಜಿಂಕೆಗೆ ಕನಿಷ್ಠ 70 ಗ್ರೇನ್, ಎಲ್ಕ್‌ಗೆ 85 ಗ್ರೇನಿನ ಅರಳುವ ಗುಂಡು ಕಡ್ಡಾಯ.

ಇವೆಲ್ಲ ಕೆಳಮಿತಿಗಳು. ಅದರಿಂದ ಮೇಲೇರಬೇಕೆಂಬ ಚಪಲ ಹೊಸಬರಿಗೆ ಹೆಚ್ಚು. ಡಬ್ಲ್ಯೂ.ಡಿ.ಎಂ. ಬೆಲ್ ಎಂಬ ಸ್ಕಾಟ್ಲೆಂಡಿನ ಬೇಟೆಗಾರ 20ನೇ ಶತಮಾನದ ಆರಂಭದಲ್ಲಿ ಆಫ್ರಿಕಾದಲ್ಲಿ ದಂತಕ್ಕಾಗಿ ನೂರಾರು ಆನೆಗಳನ್ನು ಕೊಂದ. ಆ ಲೆಕ್ಕ ಇಂದು ಹೇವರಿಕೆ ಹುಟ್ಟಿಸುತ್ತದೆ. ಅವನ ತೋಟೆ ಮಾತ್ರ ಕಾರ್ಬೆಟ್ಟರದ್ದೇ ಸಣ್ಣ 7 ಮಿಲಿಮೀಟರಿನದು, ಅರಳದ ಗಟ್ಟಿ ಗುಂಡು. ಆನೆಯ ತಲೆಬುರುಡೆಯನ್ನು ಕೊಯ್ದು ಮೆದುಳು ಎಲ್ಲಿದೆ ಎಂದು ಅಭ್ಯಾಸ ಮಾಡಿದ್ದ. ಬೆಲ್ಲನನ್ನು ಅನುಕರಿಸಬೇಕಿಲ್ಲ, ಕಾನೂನೂ ಬಿಡದು. ಗುರಿಯ ಜಾಗ ತಿಳಿದವನಿಗೆ ಸಣ್ಣ ತೋಟೆಯೂ ಕೆಲಸ ಮಾಡಿತು, ಜಾಗ ತಿಳಿಯದವನಿಗೆ ದೊಡ್ಡದೂ ಮಾಡದು ಎಂಬಷ್ಟನ್ನು ತೆಗೆದುಕೊಂಡರೆ ಸಾಕು.

ದೊಡ್ಡ ತೋಟೆ ಒದೆಯುತ್ತದೆ. ಒದೆತಕ್ಕೆ ಹೆದರಿದ ಹೆಗಲು ಕೋವಿಯ ಕುದುರೆ ಎಳೆಯುವ ಮುಂಚೆಯೇ ಬೆದರುತ್ತದೆ, ಕಣ್ಣು ಮುಚ್ಚುತ್ತದೆ, ಗುಂಡು ಎಲ್ಲಿಗೋ ಹೋಗುತ್ತದೆ. ಹೊಸಬರಿಗೆ .308 ವಿಂಚೆಸ್ಟರ್, 7 ಎಂಎಂ-08, 6.5 ಕ್ರೀಡ್‌ಮೂರ್‌ನಂಥ ಸೌಮ್ಯ ತೋಟೆಗಳು ಜಿಂಕೆಗೆ ಧಾರಾಳ. ನಾರ್ವೆಯಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವರು ಪ್ರತಿ ವರ್ಷ ಪರೀಕ್ಷೆ ಕೊಡಬೇಕು. ಮೊದಲು 30 ಗುಂಡುಗಳ ಅಭ್ಯಾಸ, ಬಳಿಕ 100 ಮೀಟರ್ ದೂರದ ಹಿಮಸಾರಂಗದ ಚಿತ್ರದ ಮೇಲೆ 30 ಸೆಂಟಿಮೀಟರ್ ವೃತ್ತದೊಳಗೆ ಐದಕ್ಕೆ ಐದೂ ಬೀಳಬೇಕು. ಪರೀಕ್ಷೆ ಕಡ್ಡಾಯವಲ್ಲದ ದೇಶದಲ್ಲಿರುವವರೂ ತಮಗೆ ತಾವೇ ಇದನ್ನು ಕಡ್ಡಾಯ ಮಾಡಿಕೊಳ್ಳಬಹುದು.

ಅಭ್ಯಾಸದ ಕ್ರಮವೂ ಸುಲಭ. ಮೊದಲು 25 ಗಜದಲ್ಲಿ ಕಾಗದಕ್ಕೆ ಹೊಡೆದು ಗುಂಡು ಬೀಳುವ ಜಾಗವನ್ನು ನಡುವಿಗೆ ತನ್ನಿ. ನಂತರ 100 ಗಜಕ್ಕೆ ಹೋಗಿ 2 ಅಂಗುಲ ಮೇಲೆ ಬೀಳುವಂತೆ ದುರ್ಬೀನನ್ನು ತಿರುಗಿಸಿ. ಆಮೇಲೆ 200, 250 ಗಜದಲ್ಲಿ ನಿಜವಾಗಿ ಹೊಡೆದು ನೋಡಿ, ಪುಸ್ತಕದ ಅಂಕಿಯನ್ನು ನಂಬಿ ಕೂರಬೇಡಿ. ಮೇಜಿನ ಮೇಲಷ್ಟೇ ಅಲ್ಲ, ಮಂಡಿಯೂರಿ, ಮರಕ್ಕೊರಗಿ, ಕೋಲಿಗೆ ಆನಿಸಿ. ತಣ್ಣಗಿನ ನಳಿಗೆಯ ಮೊದಲ ಗುಂಡು ಎಲ್ಲಿ ಬೀಳುತ್ತದೆ ಎಂಬುದನ್ನು ಬರೆದಿಡಿ, ಕಾಡಿನಲ್ಲಿ ಸಿಗುವುದು ಆ ಒಂದೇ ಗುಂಡಿನ ಅವಕಾಶ. ತೋಟೆಯ ಕಂಪನಿ ಅಥವಾ ಗುಂಡಿನ ತೂಕ ಬದಲಾಯಿಸಿದರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕು. ಗುರಿಯ ಹಿಂದೆ ಮಣ್ಣಿನ ದಿಬ್ಬವಿಲ್ಲದ ಕಡೆ ಈಡು ಹೊಡೆಯಲೇಬಾರದು. ತಪ್ಪಿದ ರೈಫಲ್ ಗುಂಡು ಮೂರ್ನಾಲ್ಕು ಕಿಲೋಮೀಟರ್ ಹಾರಬಲ್ಲದು.

ಈಡಾದ ಮೇಲೆ ಓಡಿಹೋಗಿ ನೋಡುವ ಆತುರ ಬೇಡ. ಶ್ವಾಸಕೋಶಕ್ಕೆ ಸರಿಯಾಗಿ ತಗುಲಿದ ಜಿಂಕೆಯೂ 50, 100 ಗಜ ಓಡುತ್ತದೆ. ಅದು ನಿಂತಿದ್ದ ಜಾಗವನ್ನು ಗುರುತಿಟ್ಟುಕೊಂಡು ಅರ್ಧ ಗಂಟೆ ಕಾಯಬೇಕು. ನೆಲದ ರಕ್ತ ತಿಳಿಗೆಂಪಾಗಿ ನೊರೆಯಾಗಿದ್ದರೆ ಶ್ವಾಸಕೋಶದ್ದು, ಪ್ರಾಣಿ ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗಪ್ಪಾಗಿದ್ದರೆ ಯಕೃತ್ತಿನದು. ಹಸಿರು ಬೆರೆತು ನಾತ ಬರುತ್ತಿದ್ದರೆ ಹೊಟ್ಟೆಗೆ ಬಿದ್ದಿದೆ. ಆಗ ಹಲವು ಗಂಟೆ ಕಾಯದೆ ಹಿಂಬಾಲಿಸಿದರೆ ಪ್ರಾಣಿ ಎದ್ದು ಇನ್ನೂ ದೂರ ಹೋಗಿ ಸಿಗದೇ ಹೋಗುತ್ತದೆ. ತಪ್ಪಿತು ಎಂದೆನಿಸಿದರೂ ಹುಡುಕದೆ ಮನೆಗೆ ಹೋಗುವುದು ಅಕ್ಷಮ್ಯ.

ಇದೆಲ್ಲ ಬೇಟೆ ಕಾನೂನಿನೊಳಗಿರುವ ದೇಶಗಳ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ, ಶಿಕ್ಷೆ ಜೈಲು. ಕೊಡವರಿಗೂ ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವ ಹಕ್ಕು, ಬೇಟೆಯ ಹಕ್ಕಲ್ಲ. ಕೊಡವರ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಪೂಜೆಯ ನಂತರ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ಇಂದಿಗೂ ನಡೆಯುತ್ತದೆ. ಉಸಿರು ಹಿಡಿದು, ಕುದುರೆಯನ್ನು ಮೆಲ್ಲಗೆ ಎಳೆದು, ಕಾಯಿ ಒಡೆದದ್ದನ್ನು ನೋಡುವ ಆ ಕೌಶಲಕ್ಕೆ ಪ್ರಾಣಿಯ ಜೀವ ಬೇಕಿಲ್ಲ.

ಅಮೆರಿಕ, ಕೆನಡಾ, ಸ್ವೀಡನ್‌ಗಳಲ್ಲಿ ನೆಲೆಸಿ, ಅಲ್ಲಿನ ಗೆಳೆಯರ ಜೊತೆ ಈ ವರ್ಷ ಮೊದಲ ಸಲ ಹೊರಡುವ ಕನ್ನಡಿಗರಿಗೆ ಒಂದು ಮಾತು. ರೈಫಲ್ಲು ಕೊಳ್ಳುವ ಮುನ್ನ ಬೇಟೆ ಶಿಕ್ಷಣದ ತರಗತಿ ಮುಗಿಸಿ, ನಿಮ್ಮ ಪ್ರಾಂತ್ಯದ ಆ ವರ್ಷದ ನಿಯಮಾವಳಿಯಲ್ಲಿ ಗುಂಡಿನ ತೂಕ, ಬಗೆ, ಸೀಸದ ಬಗ್ಗೆ ಏನಿದೆ ಎಂದು ಓದಿ. ಬಳಿಕ ಒಂದೇ ಬಗೆಯ ತಾಮ್ರದ ಗುಂಡಿನ ತೋಟೆಯನ್ನು ಮೂರು ಪೆಟ್ಟಿಗೆ ಕೊಳ್ಳಿ. ಎರಡನ್ನು ಪೂರ್ತಿ ಕಾಗದದ ಗುರಿಗೆ ಖರ್ಚು ಮಾಡಿ, ಕಾಡಿಗೆ ಮೂರನೆಯದನ್ನು ಒಯ್ಯಿರಿ.